ಮಾರುತಿ 800: ಕ್ಲಚ್ ಬದಲಿಸೋಕೆ ಎಂಜಿನ್ ತೆಗೆಯಲೇಬೇಕಾ? ಪುಣೆ, ಸೊಸೈಟಿ ಪಾರ್ಕಿಂಗ್

ಚಿಂಚವಡ_800

ಎಲ್ಲರಿಗೂ ನಮಸ್ಕಾರ. ಗಾಡಿ 1998ರ ಮಾರುತಿ 800. ಕಾರ್ಬ್ಯುರೇಟರ್, ನಾಲ್ಕು ಗೇರ್, ಎಸಿ ಇಲ್ಲ. ಖೋಪೋಲಿಯಿಂದ ಖಂಡಾಳ ಘಾಟ್ ಹತ್ತುವಾಗ ಮೂರನೇ ಗೇರಿನಲ್ಲಿ ಎಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಸುಟ್ಟ ವಾಸನೆ ಇದೆ. ಪೆಡಲ್ ಪೂರ್ತಿ ಮೇಲೆ ಬಂದ ಮೇಲಷ್ಟೇ ಹಿಡಿಯುತ್ತದೆ. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ಕೆಳಗೆ ಎಣ್ಣೆ ಒಸರುತ್ತಿದೆ, ರಾತ್ರಿ ನಿಲ್ಲಿಸಿದರೆ ಬೆಳಗ್ಗೆಗೆ ನೆಲದ ಮೇಲೆ ನಾಲ್ಕೈದು ಹನಿ.

ಮನೆಯಲ್ಲೇ ಮಾಡಬೇಕೆಂದಿದ್ದೇನೆ. ರಿಂಗ್ ಪಾನಾ, ಸಾಕೆಟ್ ಸೆಟ್, ಟಾರ್ಕ್ ರೆಂಚ್, ಎರಡು ಟನ್ನಿನ ಟ್ರಾಲಿ ಜಾಕ್ ಇವೆ. ಪಾರ್ಕಿಂಗ್ ನೆಲ ಪೇವರ್ ಬ್ಲಾಕ್. ನೋಡಿದ ವಿಡಿಯೋಗಳಲ್ಲೆಲ್ಲ ಎಂಜಿನ್ನನ್ನೇ ಮೇಲೆತ್ತಿ ತೆಗೆಯುತ್ತಾರೆ. ಈ ಗಾಡಿಗೂ ಹಾಗೇ ಮಾಡಬೇಕಾ? ತಲೆ ಮೇಲಿನ ಬೀಮ್‌ಗೆ ಚೈನ್ ಪುಲ್ಲಿ ಕಟ್ಟಬಹುದಾ? ಕ್ಲಚ್ ಜೊತೆಗೆ ಬೇರೆ ಏನೇನು ತಂದಿಟ್ಟುಕೊಳ್ಳಬೇಕು?

---

ಮುಲುಂಡ್_ಮಂಗಳೂರು

ಎಂಜಿನ್ ತೆಗೆಯುವುದು ಬೇಡ ಮಾರಾಯ್ರೆ. 800ರಲ್ಲಿ ಎಂಜಿನ್ ಅಡ್ಡ ಕೂತಿದೆ, ಅದರ ಪಕ್ಕಕ್ಕೆ ಗೇರ್‌ಬಾಕ್ಸ್. ಎಂಜಿನ್ನನ್ನು ಇದ್ದಲ್ಲೇ ತೂಗುಹಾಕಿ ಗೇರ್‌ಬಾಕ್ಸ್ ಮಾತ್ರ ಪಕ್ಕಕ್ಕೆ ಸರಿಸಿ ಕೆಳಗೆ ಇಳಿಸಿದರೆ ಕ್ಲಚ್ ಕಣ್ಣೆದುರಿಗೆ ಬರುತ್ತದೆ. ಎಂಜಿನ್ ತೆಗೆಯಬೇಕಾದರೆ ರೇಡಿಯೇಟರ್ ನೀರು, ಪೆಟ್ರೋಲ್ ಪೈಪ್, ವ್ಯಾಕ್ಯೂಮ್ ಪೈಪ್, ಎಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್, ಸೈಲೆನ್ಸರ್, ಬಾನೆಟ್ ಎಲ್ಲ ಬಿಚ್ಚಬೇಕು. ಅಷ್ಟು ಬಿಚ್ಚಿದ ಮೇಲೂ ಎಂಜಿನ್ ಮತ್ತು ಗೇರ್‌ಬಾಕ್ಸ್ ಬೇರೆ ಮಾಡುವ ಕೆಲಸ ಉಳಿದೇ ಉಂಟು. ನೀವು ನೋಡಿದ ವಿಡಿಯೋ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನದ್ದೋ ಏನೋ. ಅದರಲ್ಲಿ ಎಂಜಿನ್ ತೆಗೆಯದೆ ಕ್ಲಚ್ ಸಿಗುವುದೇ ಇಲ್ಲ.

ಬಿಚ್ಚುವ ಮೊದಲು ಕೇಬಲ್ ನೋಡಿ. ಪೆಡಲನ್ನು ಬೆರಳಿನಲ್ಲಿ ಒತ್ತಿದರೆ ಭಾರ ಸಿಗುವ ಮೊದಲು ಸುಮಾರು 20 ಮಿಮೀ ಸಡಿಲ ಇರಬೇಕು. ಗೇರ್‌ಬಾಕ್ಸ್ ಮೇಲಿನ ರಿಲೀಸ್ ಲಿವರ್‌ನಲ್ಲಿ ಅದು 2ರಿಂದ 4 ಮಿಮೀ. ಸಡಿಲವೇ ಇಲ್ಲದಿದ್ದರೆ ಕಾಲು ಇಡದೆಯೂ ಕ್ಲಚ್ ಅರ್ಧ ಒತ್ತಿದ ಹಾಗೆ, ಹೊಸ ಪ್ಲೇಟೂ ಜಾರುತ್ತದೆ. ಪ್ಲೇಟ್ ಸವೆದ ಹಾಗೆಲ್ಲ ಈ ಸಡಿಲ ಕಡಿಮೆಯಾಗುತ್ತಾ ಬರುತ್ತದೆ. ಅಡ್ಜಸ್ಟ್ ಮಾಡುವ ನಟ್ ದಾರದ ಕೊನೆಗೆ ಬಂದಿದ್ದರೆ ಪ್ಲೇಟ್ ಮುಗಿದಿದೆ ಅಂತಲೇ ತಿಳಿಯಿರಿ.

ಮತ್ತೊಂದು ಪರೀಕ್ಷೆ. ಸಮತಟ್ಟು ಜಾಗ, ಮುಂದೆ ಯಾರೂ ಇರಬಾರದು. ಹ್ಯಾಂಡ್ ಬ್ರೇಕ್ ಗಟ್ಟಿ ಎಳೆದು ಕಾಲು ಬ್ರೇಕನ್ನೂ ಒತ್ತಿ, ಮೂರನೇ ಗೇರ್ ಹಾಕಿ ನಿಧಾನ ಕ್ಲಚ್ ಬಿಡಿ. ಎಂಜಿನ್ ತಕ್ಷಣ ನಿಂತರೆ ಹಿಡಿತ ಉಂಟು. ತಿರುಗುತ್ತಲೇ ಇದ್ದರೆ ಜಾರುತ್ತಿದೆ. ಎರಡು ಸೆಕೆಂಡಿಗಿಂತ ಹೆಚ್ಚು ಬೇಡ, ಒಂದೇ ಸಲ ಸಾಕು.

ಎಣ್ಣೆ ಯಾವುದು ಅಂತಲೂ ಈಗಲೇ ತಿಳಿದುಕೊಳ್ಳಿ. ಬಿಳಿ ಕಾಗದದ ಮೇಲೆ ಒಂದು ಹನಿ ಹಿಡಿದು ಮೂಸಿ ನೋಡಿ. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ, ಬೆರಳಿಗೆ ಅಂಟಂಟು. ಎಂಜಿನ್ ಆಯಿಲ್ ಕಪ್ಪಗೆ, ತೆಳ್ಳಗೆ. ಎಂಜಿನ್ ಆಯಿಲ್ ಆದರೆ ಕ್ರ್ಯಾಂಕ್‌ನ (ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟ್) ಹಿಂದಿನ ಸೀಲ್ ಮೇಲೆ ಸಂಶಯ. ಗೇರ್ ಆಯಿಲ್ ಆದರೆ ಕ್ಲಚ್‌ನಿಂದ ಗೇರ್‌ಬಾಕ್ಸ್ ಒಳಗೆ ಹೋಗುವ ಇನ್‌ಪುಟ್ ಶಾಫ್ಟಿನ ಸೀಲ್, ಇಲ್ಲದಿದ್ದರೆ ಎಕ್ಸೆಲ್ ಸೀಲ್. ಮೇಲೆ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಅಥವಾ ಡಿಸ್ಟ್ರಿಬ್ಯೂಟರ್‌ನ ಓ ರಿಂಗ್ ಸೋರಿದರೂ ಎಣ್ಣೆ ಇಳಿದು ಬಂದು ಅದೇ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಅದಕ್ಕೆ ಮೊದಲು ಮೇಲಿನಿಂದ ಎಲ್ಲ ತೊಳೆದು ಒಣಗಿಸಿ, ಒಂದು ದಿನ ಓಡಿಸಿ, ಒದ್ದೆ ಎಲ್ಲಿಂದ ಶುರುವಾಗುತ್ತದೆ ಅಂತ ಟಾರ್ಚ್ ಹಿಡಿದು ನೋಡಿ. ಸೋರುವ ಮೂಲ ಬಿಟ್ಟು ಕ್ಲಚ್ ಮಾತ್ರ ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೆಲಸ.

ಬೀಮ್ ವಿಷಯ: ಬೇಡವೇ ಬೇಡ. ಅದಕ್ಕೆ ಡ್ರಿಲ್ ಹಾಕಿ ಆಂಕರ್ ಬಡಿದರೆ ಒಳಗಿನ ಸರಳಿಗೆ ತಗಲುತ್ತದೆ. ಹತ್ತು ಮಹಡಿಯ ಭಾರ ಹೊತ್ತ ಬೀಮ್ ಅದು, ನಿಮ್ಮೊಬ್ಬರದ್ದಲ್ಲ.

---

ಕಾತ್ರಜ್_ವಿಜಯಪುರ

ಮೇಲೆ ಹೇಳಿದ್ದು ಬರೋಬ್ಬರಿ ಐತಿ. ನಾನು ಇಳಿಸೋ ಕ್ರಮ ಬರೀತೀನಿ, ಪ್ರಿಂಟ್ ತಗೊಂಡು ಗಾಡಿ ಪಕ್ಕ ಇಟ್ಕೊಳ್ರಿ.

ಮೊದಲ ನೆಲ. ಪೇವರ್ ಬ್ಲಾಕ್ ಮ್ಯಾಲೆ ಸ್ಟ್ಯಾಂಡ್ ನೇರ ಇಡಬ್ಯಾಡ್ರಿ, ಒಂದು ಬ್ಲಾಕ್ ಕುಸಿದ್ರ ಗಾಡಿ ವಾಲತೈತಿ. 18 ಮಿಮೀ ಪ್ಲೈವುಡ್ ತುಂಡು, ಒಂದೂವರೆ ಅಡಿ ಚೌಕ, ಪ್ರತಿ ಸ್ಟ್ಯಾಂಡಿನ ಕೆಳಗ ಹಾಕ್ರಿ. ಹಿಂದಿನ ಗಾಲಿಗೆ ಎರಡೂ ಕಡೆ ಅಡ್ಡಗಲ್ಲು. ಮುಂದಿನ ಭಾಗ ಎತ್ತಿ ಜಾಕ್ ಪಾಯಿಂಟ್ ಕೆಳಗ ಸ್ಟ್ಯಾಂಡ್ ಕೊಡ್ರಿ. ಗೇರ್‌ಬಾಕ್ಸ್ ಕೆಳಗಿಂದ ಹೊರಗ ಬರಬೇಕಂದ್ರ ಕನಿಷ್ಠ ಒಂದೂವರೆ ಅಡಿ ಜಾಗ ಬೇಕು. ಇಟ್ಟಂಗಿ, ಸಿಮೆಂಟ್ ಬ್ಲಾಕ್ ಯಾವತ್ತೂ ಬ್ಯಾಡ. ಅವು ಬಿರುಕು ಬಿಡೋ ಮೊದಲ ಸದ್ದು ಮಾಡಂಗಿಲ್ಲ. ಕೆಳಗ ತೂರೋ ಮೊದಲ ಗಾಡಿನ ಕೈಯಿಂದ ಜೋರ್ ಅಲ್ಲಾಡಿಸಿ ನೋಡ್ರಿ. ಬಿಚ್ಚಿದ ಗಾಲಿನೂ ಬಾಡಿ ಕೆಳಗ ಮಲಗಿಸ್ರಿ.

ಬ್ಯಾಟರಿ ತಗೀರಿ, ಮೈನಸ್ ಮೊದಲ. ಬ್ಯಾಟರಿ ಟ್ರೇನೂ ತಗೀರಿ, ಕೈ ಆಡಾಕ ಜಾಗ ಆಕ್ಕೈತಿ. ಗೇರ್ ಆಯಿಲ್ ಬಿಸಿ ಇದ್ದಾಗ ಇಳಿಸ್ರಿ, ಸುಮಾರು ಎರಡು ಲೀಟರ್ ಬರತೈತಿ. ಎಣ್ಣಿ ತುಂಬೋ ಪ್ಲಗ್ ಬಿಚ್ಚಾಕ ಬರತೈತಿ ಅಂತ ಖಾತ್ರಿ ಮಾಡ್ಕೊಂಡ ಮ್ಯಾಲೇ ಇಳಿಸೋ ಪ್ಲಗ್ ಮುಟ್ರಿ. ಮ್ಯಾಲಿಂದು ಜಾಮ್ ಆಗಿದ್ರ ವಾಪಸ್ ಎಣ್ಣಿ ತುಂಬಾಕ ದಾರಿ ಇರಂಗಿಲ್ಲ.

ಆಮ್ಯಾಲೆ ಗೇರ್‌ಬಾಕ್ಸಿಗೆ ಅಂಟಿದ್ದೆಲ್ಲ: ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟ್ ಸ್ವಿಚ್ಚಿನ ವೈರು, ಅರ್ಥ್ ಪಟ್ಟಿ, ಸ್ಟಾರ್ಟರ್ ಮೋಟಾರ್. ಕೆಳಗ ಗೇರ್ ರಾಡ್, ಅದರ ಜೋಡಿ ಎಕ್ಸ್‌ಟೆನ್ಶನ್ ರಾಡ್. ಪ್ರತಿ ವೈರಿಗೆ ಟೇಪ್ ಸುತ್ತಿ ನಂಬರ್ ಬರೀರಿ, ಬಿಚ್ಚೋಕ್ಕಿಂತ ಮೊದಲ ಫೋನಿನ್ಯಾಗ ಫೋಟೋ.

ಎಕ್ಸೆಲ್ ತಗಿಯಾಕ ಹಬ್ ನಟ್ ಮುಟ್ಟೋ ಗರಜಿಲ್ಲ. ಕೆಳಗಿನ ಬಾಲ್ ಜಾಯಿಂಟ್ ಬೋಲ್ಟ್ ಬಿಚ್ಚಿ, ಆರ್ಮ್ ಕೆಳಗ ಒತ್ತಿ ನಕಲ್ (ಗಾಲಿ ಹಬ್ ಕೂತಿರೋ ತುಂಡು) ಬಿಡಿಸ್ಕೊಳ್ರಿ. ನಕಲ್ ಹೊರಗ ಎಳದ್ರ ಎಕ್ಸೆಲ್ಲಿಗೆ ಜಾಗ ಸಿಗತೈತಿ. ಬ್ರೇಕ್ ಪೈಪ್ ಜಗ್ಗದಂಗ ನೋಡ್ಕೋರಿ. ಒಳಗಿನ ಜಾಯಿಂಟ್ ಮತ್ತ ಗೇರ್‌ಬಾಕ್ಸ್ ನಡುವ ಚಪ್ಪಟೆ ಟಾಮಿ (ಮೀಟೋ ಸರಳು) ಹಾಕಿ ಒಂದು ಝಟಕಾ ಕೊಟ್ರ ಒಳಗಿನ ಸರ್ಕ್ಲಿಪ್ ಬಿಟ್ಟು ಹೊರಗ ಬರತೈತಿ. ಟಾಮಿ ಆಳಕ್ಕ ತೂರಿಸಿದ್ರ ಸೀಲ್ ಹರಿತೈತಿ. ಶಾಫ್ಟ್ ಹಿಡ್ದು ಎಳೀಬ್ಯಾಡ್ರಿ, ಒಳಗಿನ ಜಾಯಿಂಟಿನ ಗುಂಡಿ ಹಿಡ್ದು ಎಳೀರಿ. ಶಾಫ್ಟ್ ಎಳದ್ರ ಬೂಟಿನೊಳಗ ಜಾಯಿಂಟ್ ಕಳಚಿ ಬಿಡತೈತಿ, ಅದು ಇನ್ನೊಂದು ಕೆಲಸ.

ಈಗ ಎಂಜಿನ್ನಿಗೆ ಆಧಾರ. ಗೇರ್‌ಬಾಕ್ಸ್ ಕಡಿ ಫೌಂಡೇಶನ್ (ಬಾಡಿಗೆ ಹಿಡ್ದಿರೋ ರಬ್ಬರ್ ಆಧಾರ) ಬಿಚ್ಚಿದ ಕೂಡ್ಲೇ ಎಂಜಿನ್ ಆ ಕಡಿ ಬಾಗತೈತಿ. ಭಾಳ ಮಂದಿ ಚೇಂಬರ್ (ಎಂಜಿನ್ ತಳದ ಎಣ್ಣಿ ತಟ್ಟಿ) ಕೆಳಗ ಜಾಕ್ ಕೊಡ್ತಾರ. ಚೇಂಬರ್ ತಗಡು ತೆಳ್ಳಗ ಐತಿ, ಒಳಗ ತಗ್ಗು ಬಿದ್ರ ಎಣ್ಣಿ ಎಳಿಯೋ ಜಾಳಗಿ ಬಾಯಿ ಮುಚ್ಚತೈತಿ. ಎಣ್ಣಿ ಸಿಗಲಾರದ ಎಂಜಿನ್ ಹೋಗತೈತಿ. ಅದಕ್ಕ ಎರಡು ಇಂಚಿನ ಜಿಐ ಪೈಪ್ ಒಂದು ತಗೊಂಡು ಬಾನೆಟ್ ತೆರದು ಎರಡೂ ಮಡ್‌ಗಾರ್ಡಿನ ಒಳ ಅಂಚಿನ ಮ್ಯಾಲೆ ಅಡ್ಡ ಇಡ್ರಿ, ಪೈಪಿನ ಎರಡೂ ತುದಿಗೆ ಕಟ್ಟಿಗಿ ತುಂಡು ಮತ್ತ ಗೋಣಿ. ಎಂಜಿನ್ ಎತ್ತೋ ಕೊಂಡಿಗೆ ಟರ್ನ್‌ಬಕಲ್ ಹಾಕಿ ಆ ಪೈಪಿಗೆ ತೂಗಹಾಕ್ರಿ. ಟರ್ನ್‌ಬಕಲ್ ತಿರಿವಿದ್ರ ಎಂಜಿನ್ ಮಿಲಿಮೀಟರ್ ಲೆಕ್ಕದಾಗ ಏರತೈತಿ, ಇಳಿತೈತಿ. ವಾಪಸ್ ಜೋಡಿಸುವಾಗ ಇದರ ಬೆಲಿ ಗೊತ್ತಾಕ್ಕೈತಿ.

ಬೆಲ್ ಹೌಸಿಂಗ್ (ಗೇರ್‌ಬಾಕ್ಸಿನ ಕ್ಲಚ್ ಮುಚ್ಚೋ ಭಾಗ) ಬೋಲ್ಟು ಎಲ್ಲಾ ಒಂದೇ ಉದ್ದ ಅಲ್ಲ. ರಟ್ಟಿನ ಮ್ಯಾಲೆ ಹೌಸಿಂಗಿನ ಆಕಾರ ಬರದು, ಬೋಲ್ಟ್ ಇದ್ದ ಜಾಗದಾಗ ತೂತು ಮಾಡಿ ಅಲ್ಲೇ ಚುಚ್ಚಿ ಇಡ್ರಿ. ಉದ್ದ ಬೋಲ್ಟ್ ಗಿಡ್ಡ ತೂತಿನ್ಯಾಗ ಬಿಗಿದ್ರ ಅಲ್ಯುಮಿನಿಯಂ ಸೀಳತೈತಿ.

ಕಡೀಕ ಗೇರ್‌ಬಾಕ್ಸ್ ಕೆಳಗ ಟ್ರಾಲಿ ಜಾಕ್, ನಡುವ ಹಲಗಿ. ಗೇರ್‌ಬಾಕ್ಸ್ ಕಡಿ ಫೌಂಡೇಶನ್ ಬಿಚ್ರಿ. ಎರಡು ಡವೆಲ್ ಪಿನ್ ಮ್ಯಾಲೆ ಕೂತಿರೋದ್ರಿಂದ ಸುಲಭ ಬಿಡಂಗಿಲ್ಲ. ಕಟ್ಟಿಗಿ ಸುತ್ತಿಗಿಯಿಂದ ಸುತ್ತಲೂ ತಟ್ರಿ. ಎರಡು ಮುಖದ ನಡುವ ಸ್ಕ್ರೂಡ್ರೈವರ್ ಹೊಡದ್ರ ಗೀರು ಉಳದು ಜೀವನಪರ್ಯಂತ ಸೊಟ್ಟ ಕೂಡತೈತಿ. ಬಿಟ್ಟ ಮ್ಯಾಲೆ ನೆಟ್ಟಗ ಪಕ್ಕಕ್ಕ ಎಳೀರಿ, ಇನ್‌ಪುಟ್ ಶಾಫ್ಟ್ ಪೂರ್ತಿ ಪ್ಲೇಟಿನಿಂದ ಹೊರಗ ಬರೂತನ ಕೆಳಗ ಇಳಿಸಬ್ಯಾಡ್ರಿ. ಇದು ಒಬ್ಬರ ಕೆಲಸ ಅಲ್ಲ. ಒಬ್ಬರು ಜಾಕ್, ಒಬ್ಬರು ಗೇರ್‌ಬಾಕ್ಸ್ ಹಿಡಿಬೇಕು.

---

ವಾಸ್ಕೊ_ಹುಬ್ಬಳ್ಳಿ

ಗೋವಾದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಇದನ್ನು ಓದುವ ಬೇರೆಯವರಿಗೆ ಉಪಯೋಗ ಆದೀತು. ಚಿಂಚವಡದವರ ಗಾಡಿ ಜಾರುತ್ತಿದೆ, ಅದಕ್ಕೆ ಪ್ಲೇಟ್ ಬದಲಿಸಲೇಬೇಕು. ಆದರೆ ಇಲ್ಲಿ ಮಳೆಗಾಲ ಮುಗಿದ ಮೇಲೆ ಬರುವ ದೂರು ಬಹಳ ಸಲ ಅದಕ್ಕೆ ತದ್ವಿರುದ್ಧ. ಎಂಜಿನ್ ನಿಂತಿದ್ದಾಗ ಗೇರ್ ಬೀಳುತ್ತದೆ, ಚಾಲು ಮಾಡಿದ ಮೇಲೆ ಕರಕರ ಎನ್ನುತ್ತದೆ, ಬೀಳುವುದಿಲ್ಲ. ಜೂನ್‌ನಿಂದ ಮೂರು ತಿಂಗಳು ನಿಂತ ಗಾಡಿಯಲ್ಲಿ ಫ್ಲೈವೀಲ್ (ಕ್ರ್ಯಾಂಕ್ ತುದಿಯ ಭಾರದ ಚಕ್ರ) ತುಕ್ಕು ಹಿಡಿದು ಪ್ಲೇಟ್ ಅದಕ್ಕೆ ಅಂಟಿಕೊಂಡಿರುತ್ತದೆ. ಕ್ಲಚ್ ಹೋಯಿತು ಎಂದು ಗೇರ್‌ಬಾಕ್ಸ್ ಇಳಿಸುವ ಮೊದಲು ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಆರಿಸಿ, ಪೆಡಲ್ ಪೂರ್ತಿ ಒತ್ತಿ ಸೀಟಿಗೂ ಪೆಡಲ್‌ಗೂ ನಡುವೆ ಕಟ್ಟಿಗೆ ಆನಿಸಿ ಒಂದು ರಾತ್ರಿ ಬಿಡಿ. ಎಷ್ಟೋ ಗಾಡಿಗಳು ಅಷ್ಟಕ್ಕೇ ಬಿಡುತ್ತವೆ. ನಿಲ್ಲಿಸುವ ಮೊದಲೇ ಪೆಡಲ್ ಹಾಗೆ ಒತ್ತಿ ಇಟ್ಟರೆ ಅಂಟುವುದೇ ಇಲ್ಲ ಎಂದು ಕೆಲವರು ಮೂರು ತಿಂಗಳೂ ಕಟ್ಟಿಗೆ ಆನಿಸಿ ಇಡುತ್ತಾರೆ. ಅದು ಬೇಡ, ಕೇಬಲ್ ಅಷ್ಟೂ ದಿನ ಜಗ್ಗಿಕೊಂಡೇ ಇರುತ್ತದೆ. ವಾರಕ್ಕೊಮ್ಮೆ ಚಾಲು ಮಾಡಿ ಹತ್ತು ಸಲ ಕ್ಲಚ್ ಒತ್ತಿ ಬಿಟ್ಟರೆ ಸಾಕು.

ಸಾಮಾನಿನ ಪಟ್ಟಿ ಯಾರೂ ಕೊಡಲಿಲ್ಲ. ಕ್ಲಚ್ ಪ್ಲೇಟ್, ಅದನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಂದೇ ಕಂಪನಿಯ ಸೆಟ್ ತೆಗೆದುಕೊಳ್ಳಿ. ವ್ಯಾಲಿಯೊ, ಎಕ್ಸೆಡಿ, ಲೂಕ್ ಯಾವುದಾದರೂ ಆದೀತು, ಡಬ್ಬಿಯ ಸೀಲ್ ನೋಡಿ ಬಿಲ್ ಕೇಳಿ. ಪ್ಲೇಟ್ ಮಾತ್ರ ಬದಲಿಸಿ ಹಳೇ ಪ್ರೆಶರ್ ಪ್ಲೇಟ್ ಉಳಿಸುವುದು ನನಗೆ ಒಪ್ಪಿಗೆ ಇಲ್ಲ, ಅದರ ಮುಖ ಹೊಸ ಪ್ಲೇಟಿಗೆ ಸಮ ಕೂಡುವುದಿಲ್ಲ. ಜೊತೆಗೆ ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್, ಇನ್‌ಪುಟ್ ಶಾಫ್ಟ್ ಸೀಲ್, ಎರಡು ಎಕ್ಸೆಲ್ ಸೀಲ್, ಎಕ್ಸೆಲ್ ತುದಿಯ ಎರಡು ಸರ್ಕ್ಲಿಪ್, ಕ್ಲಚ್ ಕೇಬಲ್, ಡ್ರೈನ್ ಪ್ಲಗ್ ವಾಷರ್, ಗೇರ್ ಆಯಿಲ್ ಎರಡೂವರೆ ಲೀಟರ್. ಫ್ಲೈವೀಲ್ ನಡುವೆ ಚಿಕ್ಕ ಪೈಲಟ್ ಬೇರಿಂಗ್ ಇದ್ದರೆ ಅದೂ. ಸೀಲ್‌ಗಳು ಒಂದು ಊಟದ ಖರ್ಚಿನ ಸಾಮಾನು, ಅವುಗಳ ಜಾಗಕ್ಕೆ ಕೈ ಹೋಗಬೇಕಾದರೆ ಇಡೀ ದಿನದ ಕೆಲಸ.

ಪುಣೆಯಲ್ಲಿ ನಾನಾ ಪೇಠ್‌ನಲ್ಲಿ ಎಲ್ಲ ಸಿಗುತ್ತದೆ. ಹಳೇ ಸೀಲ್ ಕೈಯಲ್ಲಿ ಹಿಡಿದು ಹೋಗಿ, ಅಂಚಿನ ಮೇಲೆ ಒಳ ಅಳತೆ, ಹೊರ ಅಳತೆ, ದಪ್ಪ ಅಚ್ಚು ಹಾಕಿರುತ್ತಾರೆ.

---

ಚಿಂಚವಡ_800

ಎಲ್ಲರಿಗೂ ತುಂಬ ಧನ್ಯವಾದ. ಶನಿವಾರ ಗೇರ್‌ಬಾಕ್ಸ್ ಇಳಿಯಿತು. ಕಂಡದ್ದನ್ನು ಹೇಳುತ್ತೇನೆ. ಪ್ಲೇಟಿನ ಒಂದು ಮುಖದಲ್ಲಿ ರಿವೆಟ್ ತಲೆ ಮತ್ತು ಫೇಸಿಂಗ್ (ಉಜ್ಜುವ ಪದರ) ಹೆಚ್ಚುಕಡಿಮೆ ಸಮ, ವರ್ನಿಯರ್‌ನಲ್ಲಿ 0.3 ಮಿಮೀ ಆಳ. ಫೇಸಿಂಗ್ ಮೇಲೆ ಕಪ್ಪು ಮೆರುಗು, ಉಗುರಲ್ಲಿ ಕೆರೆದರೆ ಎಣ್ಣೆ ಹತ್ತುತ್ತದೆ. ಫ್ಲೈವೀಲ್ ಮೇಲೆ ನೀಲಿ ಬಣ್ಣದ ನಾಲ್ಕೈದು ಮಚ್ಚೆ, ಕೂದಲೆಳೆಯಂಥ ಗೆರೆಗಳು. ಬೆಲ್ ಹೌಸಿಂಗಿನಲ್ಲಿ ಎಂಜಿನ್ ಕಡೆ ಒದ್ದೆ, ಗೇರ್‌ಬಾಕ್ಸ್ ಕಡೆ ಒಣಗಿದೆ. ವಾಸನೆ ಎಂಜಿನ್ ಆಯಿಲ್‌ದೇ. ಫ್ಲೈವೀಲ್ ಕೂಡ ಬದಲಿಸಬೇಕಾ? ಸೀಲ್ ನಾನೇ ಹಾಕಬಹುದಾ, ಅಥವಾ ಇಲ್ಲಿಗೆ ಬಂದ ಮೇಲೆ ಎಂಜಿನ್ ತೆಗೆಯುವುದೇ ಒಳ್ಳೆಯದಾ?

---

ಮುಲುಂಡ್_ಮಂಗಳೂರು

ರಿವೆಟ್ ಆಳ 0.5 ಮಿಮೀಗಿಂತ ಕಡಿಮೆ ಆದರೆ ಪ್ಲೇಟ್ ತೆಗೆದುಹಾಕಬೇಕು. ನಿಮ್ಮದು ಮುಗಿದಿದೆ. ಎಣ್ಣೆ ಕುಡಿದ ಫೇಸಿಂಗನ್ನು ಪೆಟ್ರೋಲ್‌ನಲ್ಲಿ ತೊಳೆದರೂ ಆಗುವುದಿಲ್ಲ, ಬಿಸಿ ಏರಿದ ಕೂಡಲೇ ಒಳಗಿನದ್ದು ಮತ್ತೆ ಮೇಲೆ ಬರುತ್ತದೆ. ಹೌಸಿಂಗಿನ ಧೂಳನ್ನು ಏರ್ ಹೊಡೆದು ಹಾರಿಸಬೇಡಿ, ಹಳೇ ಫೇಸಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಚೀಲಕ್ಕೆ ಹಾಕಿ ಕಟ್ಟಿ ಎಸೆಯಿರಿ.

ಫ್ಲೈವೀಲ್ ಬಿಚ್ಚಲೇಬೇಕು, ಸೀಲ್ ಅದರ ಹಿಂದೆ ಉಂಟು. ಮೊದಲು ಫ್ಲೈವೀಲ್ ಮತ್ತು ಕ್ರ್ಯಾಂಕ್ ಎರಡಕ್ಕೂ ಪಂಚ್‌ನಲ್ಲಿ ಒಂದೇ ಸಾಲಿಗೆ ಚುಕ್ಕೆ ಹಾಕಿ. ರಿಂಗ್ ಗೇರಿನ ಹಲ್ಲಿಗೆ ಹೌಸಿಂಗ್ ಬೋಲ್ಟಿನ ಆಸರೆಯಲ್ಲಿ ಒಂದು ಕಬ್ಬಿಣದ ಪಟ್ಟಿ ಸಿಕ್ಕಿಸಿದರೆ ತಿರುಗದೆ ನಿಲ್ಲುತ್ತದೆ. ಬೋಲ್ಟ್ ಸಡಿಲ ಮಾಡಿದ ಮೇಲೆ ಕೊನೆಯದನ್ನು ಬಿಚ್ಚುವಾಗ ಕೈ ಕೊಟ್ಟುಕೊಳ್ಳಿ, ಭಾರ ಉಂಟು, ಬೆರಳಿನ ಮೇಲೆ ಬೀಳುತ್ತದೆ.

ನೀಲಿ ಮಚ್ಚೆ ಅಂದರೆ ಆ ಜಾಗ ಅತಿ ಬಿಸಿಯಾಗಿ ಗಟ್ಟಿಯಾಗಿದೆ. ಉಗುರಿಗೆ ಸಿಗದ ಕೂದಲೆಳೆ ಗೆರೆ ಆದರೆ ಲೇತ್‌ನಲ್ಲಿ ಮುಖ ತೆಗೆಸಿ ಬಳಸಬಹುದು. ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕು ಇದ್ದರೆ ಬೇರೆ ಫ್ಲೈವೀಲ್ ತನ್ನಿ. ಕ್ರ್ಯಾಂಕ್ ಮೇಲೆ ಕೂತಾಗ ಡಯಲ್ ಗೇಜಿನಲ್ಲಿ ಮುಖದ ಓಲಾಟ 0.2 ಮಿಮೀ ದಾಟಬಾರದು. ಲೇತ್‌ನವರಿಗೆ ಸ್ಪಷ್ಟ ಹೇಳಿ: ಉಜ್ಜುವ ಮುಖದಿಂದ ಎಷ್ಟು ತೆಗೆದಿರೋ ಪ್ರೆಶರ್ ಪ್ಲೇಟ್ ಕೂರುವ ಅಂಚಿನಿಂದಲೂ ಅಷ್ಟೇ ತೆಗೆಯಬೇಕು. ಒಳಗೆ ಮಾತ್ರ ತೆಗೆದರೆ ಸ್ಪ್ರಿಂಗಿನ ಒತ್ತಡ ಕಡಿಮೆಯಾಗಿ ಹೊಸ ಕ್ಲಚ್ ಮೊದಲ ದಿನವೇ ಜಾರುತ್ತದೆ. ಹೆಚ್ಚಿನ ಜನ ಇಲ್ಲೇ ಸೋಲುವುದು, ಮತ್ತೆ ಪ್ಲೇಟ್ ಡೂಪ್ಲಿಕೇಟ್ ಅಂತ ಅಂಗಡಿಯವರ ಮೇಲೆ ಹಾಕುತ್ತಾರೆ.

ಸೀಲ್ ನೀವೇ ಹಾಕಬಹುದು. ಹಳೆಯದರ ಮುಖಕ್ಕೆ ಎರಡು ಸಣ್ಣ ಸ್ಕ್ರೂ ತಿರುಗಿಸಿ ಪ್ಲೈಯರ್‌ನಲ್ಲಿ ಎಳೆಯಿರಿ. ಸ್ಕ್ರೂ ಕ್ರ್ಯಾಂಕಿಗೆ ತಾಗಬಾರದು, ಗೀರು ಬಿದ್ದರೆ ಯಾವ ಸೀಲೂ ನಿಲ್ಲುವುದಿಲ್ಲ. ಕ್ರ್ಯಾಂಕ್ ಮೇಲೆ ಹಳೇ ಸೀಲಿನ ತುಟಿ ಉಜ್ಜಿದ ಜಾಗಕ್ಕೆ ಉಗುರು ಹಾಯಿಸಿ. ಆಳವಾದ ಕಾಲುವೆ ಆಗಿದ್ದರೆ ಹೊಸ ಸೀಲನ್ನು ಒಂದೂವರೆ ಮಿಲಿಮೀಟರ್ ಹಿಂದೆ ಮುಂದೆ ಕೂರಿಸಿ ತುಟಿ ಹೊಸ ಜಾಗಕ್ಕೆ ಬರುವ ಹಾಗೆ ಮಾಡಿ. ಹೊಸ ಸೀಲಿನ ತುಟಿಗೆ ಎಂಜಿನ್ ಆಯಿಲ್ ಸವರಿ. ಒಣ ಸೀಲ್ ಮೊದಲ ನಿಮಿಷದಲ್ಲೇ ಸುಡುತ್ತದೆ. ಹಳೇ ಸೀಲನ್ನೇ ಮೇಲೆ ಇಟ್ಟು ಸುತ್ತಲೂ ಸಮ ತಟ್ಟಿ. ಸೀಲ್ ಕೂರುವ ಹೋಲ್ಡರ್‌ನ ಗ್ಯಾಸ್ಕೆಟ್ ಸೋರುತ್ತಿದ್ದರೆ ಮಾತ್ರ ಅದನ್ನೂ ಬಿಚ್ಚಿ. ಆಗ ಕೆಳಗೆ ಚೇಂಬರ್ ಗ್ಯಾಸ್ಕೆಟ್ ಜೊತೆ ಸೇರುವ ಮೂಲೆಗೆ ಸೀಲಂಟ್ ಬೇಕು.

ಸೀಲ್ ಯಾಕೆ ಹೋಯಿತು ಅಂತಲೂ ನೋಡಿ. ಟ್ಯಾಪೆಟ್ ಕವರ್‌ನಿಂದ ಏರ್ ಕ್ಲೀನರ್‌ಗೆ ಹೋಗುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೆ ಎಂಜಿನ್ ಒಳಗಿನ ಒತ್ತಡ ಸೀಲ್ ಮೂಲಕವೇ ಹೊರಗೆ ದಾರಿ ಹುಡುಕುತ್ತದೆ. ಆ ಪೈಪ್ ಬಿಚ್ಚಿ ಊದಿ ನೋಡುವುದಕ್ಕೆ ಎರಡು ನಿಮಿಷ ಸಾಕು.

ಎಂಜಿನ್ ತೆಗೆಯುವ ಪ್ರಶ್ನೆ: ಟೈಮಿಂಗ್ ಬೆಲ್ಟ್ ಕಡೆಯಿಂದಲೂ ಎಣ್ಣೆ, ಕಂಪ್ರೆಶನ್ ಕಡಿಮೆ, ಬೇರಿಂಗ್ ಸದ್ದು, ಇವಿದ್ದರೆ ತೆಗೆಯುವುದು ಸರಿ. ಆಗ ಎಂಜಿನ್, ಗೇರ್‌ಬಾಕ್ಸ್ ಜೋಡಿಯಾಗಿಯೇ ಮೇಲಿನಿಂದ ಬರಬೇಕು. ಒಂದು ಟನ್ನಿನ ಹೈಡ್ರಾಲಿಕ್ ಕ್ರೇನ್ ಬಾಡಿಗೆಗೆ ತನ್ನಿ. ಅದರ ತೋಳು ಪೂರ್ತಿ ಉದ್ದ ಚಾಚಿದರೆ ಎತ್ತುವ ಸಾಮರ್ಥ್ಯ ಕಡಿಮೆ ಆಗುತ್ತದೆ, ತೋಳಿನ ಮೇಲೆ ಬರೆದ ಅಂಕಿ ನೋಡಿ. ಪೇವರ್ ಬ್ಲಾಕ್ ಮೇಲೆ ಚಕ್ರ ಸಿಕ್ಕಿಕೊಳ್ಳುವುದರಿಂದ ಎತ್ತಿದ ಮೇಲೆ ಕ್ರೇನ್ ಎಳೆಯಬೇಡಿ, ಗಾಡಿಯನ್ನೇ ಹಿಂದಕ್ಕೆ ತಳ್ಳಿ. ಬಾನೆಟ್ ಬಿಚ್ಚುವ ಮೊದಲು ಹಿಂಜ್ ಸುತ್ತ ಮಾರ್ಕರ್‌ನಲ್ಲಿ ಗೆರೆ ಹಾಕಿ. ಪೆಟ್ರೋಲ್ ಪೈಪ್ ತುದಿಗೆ ಬೋಲ್ಟ್ ತುರುಕಿ ಕ್ಲಿಪ್ ಹಾಕಿ. ಅದೇ ಎಂಜಿನ್ ವಾಪಸ್ ಕೂರಿಸಿದರೆ ಆರ್‌ಟಿಒ ಕೆಲಸ ಏನೂ ಇಲ್ಲ. ಬೇರೆ ನಂಬರಿನ ಎಂಜಿನ್ ಹಾಕಿದರೆ ಆರ್‌ಸಿಯಲ್ಲಿ ದಾಖಲಾಗಬೇಕು. ನೀವು ಹೇಳಿದ ಲಕ್ಷಣಕ್ಕೆ ಇದೆಲ್ಲ ಬೇಕಾಗಿಲ್ಲ.

---

ಕಾತ್ರಜ್_ವಿಜಯಪುರ

ಜೋಡಿಸೋದು ಬಿಚ್ಚಿದ್ದರ ಉಲ್ಟಾ ಅಂತ ಪುಸ್ತಕದಾಗ ಒಂದೇ ಸಾಲು ಬರದಿರ್ತಾರ. ಕೆಲಸ ಕೆಡೋದು ಅಲ್ಲೇ.

ಫ್ಲೈವೀಲ್ ಮತ್ತ ಪ್ರೆಶರ್ ಪ್ಲೇಟ್ ಮುಖ ಎರಡೂ ಬ್ರೇಕ್ ಕ್ಲೀನರ್ ಹಾಕಿ ಒರೆಸ್ರಿ. ಹೊಸಾ ಪ್ರೆಶರ್ ಪ್ಲೇಟಿಗೆ ತುಕ್ಕು ಹಿಡೀಬಾರದಂತ ಎಣ್ಣಿ ಸವರಿರ್ತಾರ, ಅದೂ ಹೋಗಬೇಕು. ಆಮ್ಯಾಲೆ ಆ ಮುಖ ಬೆರಳಿಂದ ಮುಟ್ಟಬ್ಯಾಡ್ರಿ. ಪ್ಲೇಟಿನ ನಡುವಿನ ಸ್ಪ್ರಿಂಗ್ ಉಬ್ಬಿದ ಮುಖ ಗೇರ್‌ಬಾಕ್ಸ್ ಕಡಿ. ಕೆಲವಕ್ಕ ಯಾವ ಮುಖ ಫ್ಲೈವೀಲಿಗೆ ಅಂತ ಅಚ್ಚು ಇರತೈತಿ. ಉಲ್ಟಾ ಹಾಕಿದ್ರ ಸ್ಪ್ರಿಂಗು ಫ್ಲೈವೀಲ್ ಬೋಲ್ಟಿಗೆ ತಾಗಿ ಕ್ಲಚ್ ಬಿಡೂದ ಇಲ್ಲ, ಮತ್ತ ಎಲ್ಲಾ ಇಳಿಸಬೇಕು.

ಪ್ಲೇಟ್ ನಡುವ ಕೂಡಿಸಾಕ ಗುಜರಿ ಅಂಗಡಿಯಿಂದ ಇದೇ ಗಾಡಿದು ಹಳೇ ಇನ್‌ಪುಟ್ ಶಾಫ್ಟ್ ಸಿಕ್ರ ಅದಕ್ಕಿಂತ ಚಲೋ ಸಾಧನ ಇಲ್ಲ. ಇಲ್ಲಂದ್ರ ಕಟ್ಟಿಗಿ ಗೂಟಕ್ಕ ಟೇಪ್ ಸುತ್ತಿ ಪ್ಲೇಟಿನ ತೂತಿಗೆ ಬಿಗಿ ಕೂಡೂ ಹಂಗ ಮಾಡ್ರಿ. ಪ್ರೆಶರ್ ಪ್ಲೇಟಿನ ಆರೂ ಬೋಲ್ಟ್ ಮೊದಲ ಕೈಯಿಂದ, ಆಮ್ಯಾಲೆ ಎದುರುಬದುರು ಅರ್ಧರ್ಧ ಸುತ್ತು. ಒಂದೇ ಬೋಲ್ಟ್ ಒಮ್ಮೆಲೇ ಬಿಗಿದ್ರ ಕವರ್ ಸೊಟ್ಟಾಗಿ ಕ್ಲಚ್ ಬಿಡೂವಾಗ ಗಾಡಿ ನಡಗತೈತಿ. ಕಡೀ ಬಿಗಿತ 23 ನ್ಯೂಟನ್ ಮೀಟರ್. ಬಿಗಿದ ಮ್ಯಾಲೂ ಗೂಟ ಸಲೀಸ ಹೊರಗ ಒಳಗ ಆಡಬೇಕು. ಹಿಡಕೊಂಡ್ರ ಸಡಿಲ ಮಾಡಿ ಮತ್ತ ಕೂಡಿಸ್ರಿ.

ಇನ್‌ಪುಟ್ ಶಾಫ್ಟ್ ಹಲ್ಲಿಗೆ ಗ್ರೀಸ್ ತೆಳ್ಳಗ, ಹಳೇ ಹಲ್ಲುಜ್ಜೋ ಬ್ರಷ್‌ನಿಂದ. ಪ್ಲೇಟ್ ಒಂದ್ಸಲ ಶಾಫ್ಟಿನ ಮ್ಯಾಲೆ ಹಾಕಿ ಆಡಿಸಿ ತಗೀರಿ, ಹೊರಗ ಬಂದ ಗ್ರೀಸ್ ಒರೆಸ್ರಿ. ಹೆಚ್ಚಾದ್ರ ತಿರಗೋ ಜೋರಿಗೆ ಫೇಸಿಂಗ್ ಮ್ಯಾಲೆ ಸಿಡಿತೈತಿ. ರಿಲೀಸ್ ಫೋರ್ಕ್ ಶಾಫ್ಟಿನ ಬುಶ್ ಎರಡೂ ಕಡಿ ಸಡಿಲ ಐತೇನು ನೋಡ್ರಿ. ಹೊಸಾ ಬೇರಿಂಗ್ ಪೆಟ್ರೋಲ್‌ನ್ಯಾಗ ತೊಳೀಬ್ಯಾಡ್ರಿ, ಒಳಗ ಗ್ರೀಸ್ ತುಂಬಿ ಮುಚ್ಚಿ ಬಂದಿರತೈತಿ.

ಗೇರ್‌ಬಾಕ್ಸ್ ಏರಿಸುವಾಗ ಗೇರ್ ಒಂದಕ್ಕ ಹಾಕಿ, ಎರಡೂ ಎಕ್ಸೆಲ್ ತೂತಿನ್ಯಾಗ ಸಣ್ಣ ಸಾಧನ ಹಾಕಿ, ಒಂದು ಕಡಿ ತಿರಗದಂಗ ಹಿಡ್ದು ಇನ್ನೊಂದು ಕಡಿ ಮೆಲ್ಲಕ ತಿರಿವಿದ್ರ ಇನ್‌ಪುಟ್ ಶಾಫ್ಟ್ ಹಲ್ಲು ಹುಡಿಕ್ಯಾಡಿ ಪ್ಲೇಟಿನ ಹಲ್ಲಿಗೆ ಕೂಡತೈತಿ. ಕಡೀ ಎರಡು ಸೆಂಟಿಮೀಟರ್ ಕೂಡದಿದ್ರ ಬೋಲ್ಟ್ ಬಿಗಿದು ಎಳಕೋಬೇಕಂತ ಅನಿಸತೈತಿ. ಬ್ಯಾಡ. ಹಂಗ ಎಳದ್ರ ಹೌಸಿಂಗಿನ ಕಿವಿ ಮುರಿತೈತಿ. ಟರ್ನ್‌ಬಕಲ್ ತಿರಿವಿ ಎಂಜಿನ್ ಕೋನ ಸರಿ ಮಾಡ್ರಿ, ಎರಡೂ ಮುಖದ ನಡುವಿನ ಸಂದು ಮ್ಯಾಲೂ ಕೆಳಗೂ ಸಮ ಆದಾಗ ಕೈಯಿಂದ ಒತ್ತಿದ್ರ ಟಕ್ ಅಂತ ಕೂಡತೈತಿ. ಎಲ್ಲಕ್ಕಿಂತ ಮುಖ್ಯ, ಗೇರ್‌ಬಾಕ್ಸಿನ ಭಾರ ಒಂದು ಕ್ಷಣನೂ ಆ ಶಾಫ್ಟಿನ ಮ್ಯಾಲೆ ಜೋತು ಬೀಳಬಾರದು. ಹೊಸಾ ಪ್ಲೇಟಿನ ನಡು ಬಾಗಿದ್ರ ಕಣ್ಣಿಗೆ ಕಾಣಂಗಿಲ್ಲ, ಕ್ಲಚ್ ಮಾತ್ರ ಯಾವತ್ತೂ ಪೂರ್ತಿ ಬಿಡಂಗಿಲ್ಲ.

ಎಕ್ಸೆಲ್ ಹಾಕಿದಾಗ ಸರ್ಕ್ಲಿಪ್ ಕೂತ ಸದ್ದು ಕೇಳಬೇಕು. ಜಾಯಿಂಟ್ ಗುಂಡಿ ಹಿಡ್ದು ಹೊರಗ ಜಗ್ಗಿ ನೋಡ್ರಿ. ಕೂಡದ ಎಕ್ಸೆಲ್ ಸ್ಟಿಯರಿಂಗ್ ಪೂರ್ತಿ ತಿರಿವಿದಾಗ ಹೊರಗ ಬಂದು ರಸ್ತೆ ತುಂಬ ಎಣ್ಣಿ.

---

ವಾಸ್ಕೊ_ಹುಬ್ಬಳ್ಳಿ

ಎರಡು ಮಾತು ಉಳಿದಿವೆ. ಗೇರ್ ಆಯಿಲ್ ಅನ್ನು ಲೀಟರ್ ಲೆಕ್ಕದಲ್ಲಿ ಸುರಿಯಬೇಡಿ, ಗಾಡಿ ಸಮತಟ್ಟಾಗಿ ನಾಲ್ಕೂ ಚಕ್ರದ ಮೇಲೆ ನಿಂತಾಗ ಲೆವೆಲ್ ತೂತಿನಿಂದ ತೊಟ್ಟಿಕ್ಕುವವರೆಗೆ ತುಂಬಿ. ಮುಂಭಾಗ ಸ್ಟ್ಯಾಂಡ್ ಮೇಲೆ ಇದ್ದಾಗ ತುಂಬಿದರೆ ಲೆವೆಲ್ ತಪ್ಪುತ್ತದೆ. 80ಡಬ್ಲ್ಯೂ-90 ದರ್ಜೆ ಸಾಕು. ಇಳಿಸಿದ ಹಳೇ ಎಣ್ಣೆಯನ್ನು ಡಬ್ಬಿಗೆ ತುಂಬಿ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಸೊಸೈಟಿ ಗಟಾರಕ್ಕೆ ಹೋದದ್ದು ಕೊನೆಗೆ ಪವನಾ ನದಿಗೇ ಸೇರುವುದು.

ಮೊದಲ 500 ಕಿಮೀ ಘಾಟ್ ಬೇಡ, ಅರ್ಧ ಕ್ಲಚ್ ಹಿಡಿದು ನಿಲ್ಲುವುದೂ ಬೇಡ. ಎರಡೂ ಮುಖ ಒಂದಕ್ಕೊಂದು ಹೊಂದಿಕೊಳ್ಳಬೇಕು. ಹೊಸ ಕೇಬಲ್ ಸ್ವಲ್ಪ ಉದ್ದವಾಗುತ್ತದೆ, ಪ್ಲೇಟ್ ಕೂಡ ಕೂರುತ್ತದೆ. ಹಾಗಾಗಿ 500 ಕಿಮೀ ಆದ ಮೇಲೆ ಲಿವರ್‌ನ ಆ 2ರಿಂದ 4 ಮಿಮೀ ಸಡಿಲವನ್ನು ಇನ್ನೊಮ್ಮೆ ಅಳೆಯಿರಿ. ಅದೇ ದಿನ ಬಾಲ್ ಜಾಯಿಂಟ್ ಬೋಲ್ಟ್, ಫೌಂಡೇಶನ್ ಬೋಲ್ಟ್, ಚಕ್ರದ ನಟ್ ಮೂರಕ್ಕೂ ಟಾರ್ಕ್ ರೆಂಚ್ ಹಾಕಿ, ಬೆಲ್ ಹೌಸಿಂಗ್ ಕೆಳಗೆ ಬಿಳಿ ಕಾಗದ ಹರಡಿ ಒಂದು ರಾತ್ರಿ ಬಿಡಿ.

---

ಚಿಂಚವಡ_800

ಸೀಲ್ ಹಾಕಿದ್ದಾಯಿತು. ಬ್ರೀದರ್ ಪೈಪ್ ಒಳಗೆ ಕಪ್ಪು ಕೆಸರು ತುಂಬಿ ಬೆರಳಷ್ಟು ಉದ್ದ ಪೂರ್ತಿ ಮುಚ್ಚಿತ್ತು, ಹೊಸದು ತಂದೆ. ಫ್ಲೈವೀಲ್ ಗೆರೆಗಳು ಉಗುರಿಗೆ ಸಿಗಲಿಲ್ಲ, ಲೇತ್‌ಗೆ ಕೊಟ್ಟಿದ್ದೇನೆ, ಅಂಚು ಮತ್ತು ಮುಖ ಎರಡರಿಂದಲೂ ಸಮ ತೆಗೆಯಲು ಚೀಟಿ ಬರೆದು ಅಂಟಿಸಿದ್ದೇನೆ. ಬುಧವಾರ ಸಿಗುತ್ತದೆ. ಶನಿವಾರ ಗೇರ್‌ಬಾಕ್ಸ್ ಏರಿಸುವುದು.